ಚಾರ್ಲ್ಸ್ ಬಿಯರ್ಡ್: ಚರಿತ್ರೆಕಾರನ ಹಿತಾಸಕ್ತಿಯ ಪ್ರಶ್ನೆ

ಒಂದು ರಾಜಕೀಯ ದಾಖಲೆಯನ್ನು ಓದುವಾಗ ಅದನ್ನು ಬರೆದವರ ಆರ್ಥಿಕ ನೆಲೆಯನ್ನೂ ಓದಬೇಕೆಂಬ ತಿಳಿವಳಿಕೆ ಇಂದು ನಮ್ಮ ಸಂಶೋಧನೆಗೆ ಹೊಸದಲ್ಲ. ದಾನ ಕೊಟ್ಟವರು ಯಾರು, ದತ್ತಿಬಿಟ್ಟ ಭೂಮಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂದು ಕೇಳದೆ ಶಾಸನಾಧ್ಯಯನ ಈಗ ಮುಂದಡಿ ಇಡುವುದಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದಲ್ಲಿ ಇದೇ ಪ್ರಶ್ನೆಯನ್ನು ಆ ದೇಶದ ಸಂವಿಧಾನದ ಮುಂದಿಟ್ಟವರು ದೊಡ್ಡ ಗದ್ದಲವನ್ನೇ ಎದುರಿಸಬೇಕಾಯಿತು. ಅವರು ಚಾರ್ಲ್ಸ್ ಆಸ್ಟಿನ್ ಬಿಯರ್ಡ್ (1874-1948). ಅವರ ಬದುಕಿನಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅನ್ಯರ ಕುರಿತು ಅವರೆತ್ತಿದ ಪ್ರಶ್ನೆ ಮತ್ತೆ ಮತ್ತೆ ಅವರತ್ತಲೇ ತಿರುಗಿದ್ದು. ಬರೆಯುವವನಿಗೂ ಒಂದು ಹಿತಾಸಕ್ತಿ ಇರುತ್ತದಲ್ಲವೇ ಎಂಬ ಆ ಪ್ರಶ್ನೆಗೆ ಅವರು ಒಮ್ಮೆ ರಾಜೀನಾಮೆಯ ಮೂಲಕ, ಒಮ್ಮೆ ಸಿದ್ಧಾಂತದ ಮೂಲಕ ಉತ್ತರಿಸಿದರು. ಕೊನೆಯಲ್ಲಿ ಉತ್ತರಕ್ಕೆ ಬೇಕಾದ ಆಕರಗಳನ್ನೇ ಇಲ್ಲವಾಗಿಸಿದರು.

ಬಿಯರ್ಡ್ ಹುಟ್ಟಿದ್ದು 1874ರ ನವೆಂಬರ್ 27ರಂದು, ಇಂಡಿಯಾನಾ ರಾಜ್ಯದ ನೈಟ್ಸ್‌ಟೌನ್ ಸಮೀಪದಲ್ಲಿ. ಮನೆತನಕ್ಕೆ ಕ್ವೇಕರ್ ಪಂಥದ ಹಿನ್ನೆಲೆಯಿತ್ತು. ತಂದೆ ಬೇಸಾಯ, ಜಮೀನು, ಬ್ಯಾಂಕು ವ್ಯವಹಾರಗಳಲ್ಲಿ ತೊಡಗಿದ್ದ ಅನುಕೂಲಸ್ಥರು, ರಿಪಬ್ಲಿಕನ್ ಪಕ್ಷದವರು. ಶಾಲೆ ಮುಗಿಸಿದ ಬಿಯರ್ಡ್ ಅಣ್ಣ ಕ್ಲಾರೆನ್ಸ್ ಜೊತೆಗೂಡಿ ಕೆಲವು ವರ್ಷ ಊರಿನ ಪತ್ರಿಕೆಯೊಂದನ್ನು ನಡೆಸಿದರು. ಮುಂದೆ ಅವರ ಬರವಣಿಗೆಯಲ್ಲಿ ಕಾಣುವ ವೇಗ ಮತ್ತು ಸಾಮಾನ್ಯ ಓದುಗನನ್ನು ಕಣ್ಣೆದುರಿಗಿಟ್ಟುಕೊಂಡೇ ಬರೆಯುವ ಅಭ್ಯಾಸ ಈ ಅಚ್ಚುಕೂಟದಲ್ಲಿ ಬಂದದ್ದೆಂದು ಊಹಿಸಿದರೆ ತಪ್ಪಾಗದು. ಅನಂತರ ಅದೇ ರಾಜ್ಯದ ಡಿಪಾವ್ ವಿಶ್ವವಿದ್ಯಾಲಯ ಸೇರಿ 1898ರಲ್ಲಿ ಪದವಿ ಪಡೆದರು. ಈ ನಡುವೆ 1896ರ ಬೇಸಿಗೆಯಲ್ಲಿ ಚಿಕಾಗೊಗೆ ಹೋಗಿ, ಜೇನ್ ಆಡಮ್ಸ್ ಸ್ಥಾಪಿಸಿದ್ದ ಹಲ್ ಹೌಸ್ ಎಂಬ ಸೇವಾಕೇಂದ್ರವನ್ನೂ ಅದರ ಸುತ್ತಲಿನ ವಲಸೆ ಕಾರ್ಮಿಕರ ಬದುಕನ್ನೂ ಕಂಡರು. ಸ್ಥಿತಿವಂತ ಕೃಷಿಕನ ಮಗ ಕೈಗಾರಿಕಾ ನಗರವನ್ನು ಕಂಡದ್ದು ಹೀಗೆ.

1898ರಲ್ಲಿ ಅವರು ಆಕ್ಸ್‌ಫರ್ಡಿಗೆ ತೆರಳಿದರು. ಅಲ್ಲಿ ಫ್ರೆಡರಿಕ್ ಯಾರ್ಕ್ ಪೋವೆಲ್ ಅವರ ಮಾರ್ಗದರ್ಶನದಲ್ಲಿ ಇಂಗ್ಲೆಂಡಿನ ಆಡಳಿತ ಸಂಸ್ಥೆಗಳ ಅಧ್ಯಯನ ನಡೆಯಿತು. ಆದರೆ ಅಧ್ಯಯನಕ್ಕಿಂತ ಮುಖ್ಯವಾದ ಕೆಲಸವೊಂದು ಬೇರೆಡೆ ಆರಂಭವಾಗಿತ್ತು. ವಾಲ್ಟರ್ ವ್ರೂಮನ್ ಎಂಬ ಇನ್ನೊಬ್ಬ ಅಮೆರಿಕನ್ನರೊಡನೆ ಸೇರಿ 1899ರಲ್ಲಿ ಅವರು ಕಾರ್ಮಿಕರ ಶಿಕ್ಷಣಕ್ಕಾಗಿ ರಸ್ಕಿನ್ ಹಾಲ್ ಸ್ಥಾಪಿಸಿದರು. ಇದೇ ಮುಂದೆ ರಸ್ಕಿನ್ ಕಾಲೇಜಾಯಿತು. 1900ರಲ್ಲಿ ಸ್ವದೇಶಕ್ಕೆ ಬಂದು ಡಿಪಾವ್‌ನ ಸಹಪಾಠಿ ಮೇರಿ ರಿಟ್ಟರ್ ಅವರನ್ನು ಮದುವೆಯಾದರು. ದಂಪತಿಗಳು ಮತ್ತೆ ಇಂಗ್ಲೆಂಡಿಗೆ ಹೋಗಿ ಮ್ಯಾಂಚೆಸ್ಟರಿನಲ್ಲಿ ನೆಲೆಸಿದರು. ಬಿಯರ್ಡ್ ಅಲ್ಲಿಂದ ಉತ್ತರದ ಗಿರಣಿ ಊರುಗಳಲ್ಲಿ ಕಾರ್ಮಿಕರಿಗೆ ಉಪನ್ಯಾಸ ನೀಡುತ್ತಿದ್ದರು. ಅವರ ಮೊದಲ ಪುಸ್ತಕ 1901ರಲ್ಲಿ ಪ್ರಕಟವಾದ ಕೈಗಾರಿಕಾ ಕ್ರಾಂತಿಯ ಕುರಿತ ಸಣ್ಣ ಹೊತ್ತಗೆ. ಮೇರಿ ಅವರಿಗೆ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರ ಪರಿಚಯವಾದದ್ದೂ ಈ ಊರಿನಲ್ಲೇ.

1902ರಲ್ಲಿ ಹಿಂದಿರುಗಿದ ಬಿಯರ್ಡ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಇಂಗ್ಲೆಂಡಿನ ಶಾಂತಿಪಾಲಕ ನ್ಯಾಯಾಧೀಶರ ಹುದ್ದೆಯ ಉಗಮವನ್ನು ಕುರಿತ ಪ್ರಬಂಧಕ್ಕೆ 1904ರಲ್ಲಿ ಡಾಕ್ಟರೇಟ್ ದೊರೆಯಿತು. ಅಲ್ಲೇ ಅಧ್ಯಾಪಕರೂ ಆದರು. ಚರಿತ್ರೆಯ ಆರ್ಥಿಕ ವ್ಯಾಖ್ಯಾನವನ್ನು ಕುರಿತು 1902ರಲ್ಲೇ ಗ್ರಂಥ ಪ್ರಕಟಿಸಿದ್ದ ಸೆಲಿಗ್ಮನ್ ಅಲ್ಲಿದ್ದರು. ರಾಜರು ಮತ್ತು ಯುದ್ಧಗಳ ಚರಿತ್ರೆಯನ್ನು ಬಿಟ್ಟು ಸಮಾಜದ ಚರಿತ್ರೆಯತ್ತ ಹೊರಳಬೇಕೆನ್ನುತ್ತಿದ್ದ ಜೇಮ್ಸ್ ಹಾರ್ವೆ ರಾಬಿನ್‌ಸನ್ ಇದ್ದರು. ಬಿಯರ್ಡ್ ಅವರ ದೃಷ್ಟಿಕೋನ ಒಂಟಿಯಾಗಿ ಹುಟ್ಟಿದ್ದಲ್ಲ ಎಂಬುದಕ್ಕೆ ಈ ಹೆಸರುಗಳು ಸಾಕು.

ಅವರ ಹೆಸರನ್ನು ನಿಲ್ಲಿಸಿದ ಕೃತಿ 1913ರಲ್ಲಿ ಬಂದ ‘ಆನ್ ಎಕನಾಮಿಕ್ ಇಂಟರ್‌ಪ್ರಿಟೇಶನ್ ಆಫ್ ದಿ ಕಾನ್‌ಸ್ಟಿಟ್ಯೂಶನ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’. ಆಗ ಅವರಿಗೆ 38 ವರ್ಷ. ಕೃತಿಯ ವಾದವನ್ನು ಅರಿಯಲು 1780ರ ದಶಕದ ಪರಿಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಸ್ವಾತಂತ್ರ್ಯ ಸಮರಕ್ಕೆ ಬೇಕಾದ ಹಣವನ್ನು ಸಾಲಪತ್ರಗಳ ಮೂಲಕ ಎತ್ತಲಾಗಿತ್ತು. ಸೈನಿಕರ ಸಂಬಳವೂ ಅನೇಕ ವೇಳೆ ಇಂಥ ಪತ್ರಗಳ ರೂಪದಲ್ಲೇ ಸಂದಿತ್ತು. ತೆರಿಗೆ ವಿಧಿಸುವ ಅಧಿಕಾರವಿಲ್ಲದ ಅಂದಿನ ಕೇಂದ್ರ ಸರ್ಕಾರ ಅವುಗಳನ್ನು ತೀರಿಸಲಾರದೆ ಹೋದಾಗ ಪತ್ರಗಳ ಬೆಲೆ ಕುಸಿಯಿತು. ಹಣವುಳ್ಳವರು ಅವನ್ನು ಅಗ್ಗಕ್ಕೆ ಕೊಂಡರು. ಇತ್ತ ಸಾಲದಲ್ಲಿ ಮುಳುಗಿದ್ದ ರೈತರು 1786-87ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಡೇನಿಯಲ್ ಶೇಸ್ ನೇತೃತ್ವದಲ್ಲಿ ದಂಗೆಯೆದ್ದರು. ಈ ಹಿನ್ನೆಲೆಯಲ್ಲಿ 1787ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಫಿಲಡೆಲ್ಫಿಯಾದಲ್ಲಿ ಸೇರಿದ ಸಭೆ ಹೊಸ ಸಂವಿಧಾನವನ್ನು ರೂಪಿಸಿತು. ಹೊಸ ಸರ್ಕಾರ ಬಂದ ಮೇಲೆ, 1790ರಲ್ಲಿ, ಹ್ಯಾಮಿಲ್ಟನ್ ಅವರ ಯೋಜನೆಯಂತೆ ಆ ಹಳೆಯ ಸಾಲಕ್ಕೆ ಮಾನ್ಯತೆ ದೊರೆಯಿತು. ಪತ್ರಗಳ ಬೆಲೆ ಏರಿತು.

ಸಂವಿಧಾನ ನಿರ್ಮಾಪಕರನ್ನು ಋಷಿಸಮಾನರೆಂದು ಪೂಜಿಸುವುದು ಆ ಕಾಲದ ರೂಢಿ. ಬಿಯರ್ಡ್ ಮಾಡಿದ್ದು ಅವರ ಆಸ್ತಿಯ ಲೆಕ್ಕ. ವಾಷಿಂಗ್ಟನ್ನಿನ ಖಜಾನೆ ಇಲಾಖೆಯಲ್ಲಿ ನೂರಿಪ್ಪತ್ತು ವರ್ಷಗಳಿಂದ ಯಾರೂ ಕೈಹಚ್ಚದೆ ಬಿದ್ದಿದ್ದ ಸಾಲಪತ್ರಗಳ ದಫ್ತರುಗಳನ್ನು ಅವರು ಹುಡುಕಿ ತೆಗೆದರು. ಅವುಗಳ ಮೇಲೆ ಕುಳಿತ ಧೂಳು ಎಷ್ಟಿತ್ತೆಂದರೆ ವ್ಯಾಕ್ಯೂಮ್ ಕ್ಲೀನರ್ ತರಿಸಿದ ಮೇಲೆಯೇ ಕೆಲವು ಕಟ್ಟುಗಳನ್ನು ಬಿಚ್ಚಲು ಸಾಧ್ಯವಾಯಿತೆಂದು ಅವರೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. (ನಮ್ಮ ಜಿಲ್ಲಾ ಕಚೇರಿಗಳ ದಾಖಲೆ ಕೋಣೆಗಳಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಳಿತ ಸಂಶೋಧಕರಿಗೆ ಈ ವಿವರವನ್ನು ಬಿಡಿಸಿ ಹೇಳಬೇಕಾಗಿಲ್ಲ.) ಸಭೆಯಲ್ಲಿ ಭಾಗವಹಿಸಿದ 55 ಮಂದಿಯಲ್ಲಿ ಕನಿಷ್ಠ 40 ಮಂದಿಯ ಹೆಸರು ಆ ದಫ್ತರುಗಳಲ್ಲಿ ಸಿಕ್ಕಿತು. ಕೆಲವರ ಪಾಲು ಬೆರಳೆಣಿಕೆಯ ಡಾಲರುಗಳದು, ಕೆಲವರದು ಲಕ್ಷ ದಾಟಿದ್ದು. ಕನಿಷ್ಠ 24 ಮಂದಿ ಬಡ್ಡಿಗೆ ಹಣ ಬಿಟ್ಟವರು, 14 ಮಂದಿ ಬೆಲೆಯೇರಿಕೆಯನ್ನು ನಿರೀಕ್ಷಿಸಿ ಭೂಮಿಯ ಮೇಲೆ ಹಣ ಹೂಡಿದವರು, 11 ಮಂದಿ ವ್ಯಾಪಾರ, ತಯಾರಿಕೆ, ಹಡಗು ಸಾಗಣೆಯವರು, 15 ಮಂದಿ ಗುಲಾಮರ ಒಡೆಯರು ಎಂದು ಅವರು ವಿಂಗಡಿಸಿದರು. ಸಣ್ಣ ರೈತರ ಮತ್ತು ಕುಶಲಕರ್ಮಿಗಳ ಹಿತವನ್ನು ಪ್ರತಿನಿಧಿಸುವವರು ಅಲ್ಲಿ ಇರಲಿಲ್ಲವೆಂದರು. ಸಂವಿಧಾನದ ಅಂಗೀಕಾರದ ಪ್ರಶ್ನೆಯಲ್ಲಿ ಮತ ಹಾಕಿದವರು ಸುಮಾರು 1,60,000 ಮಂದಿ, ಅಂದರೆ ಒಟ್ಟು ಜನಸಂಖ್ಯೆಯ ನೂರಕ್ಕೆ ಐದಕ್ಕಿಂತ ಹೆಚ್ಚಿಲ್ಲ ಎಂಬುದು ಅವರ ಅಂದಾಜು.

ಈ ಅಂಕಿಗಳಿಂದ ಬಿಯರ್ಡ್ ಹೊರಡಿಸಿದ ನಿರ್ಣಯವನ್ನು ಅವರ ವಿರೋಧಿಗಳೂ ಅಭಿಮಾನಿಗಳೂ ಒಂದೇ ರೀತಿ ಉಬ್ಬಿಸಿದರು. ನಿರ್ಮಾಪಕರು ತಮ್ಮ ಜೇಬು ತುಂಬಿಸಿಕೊಳ್ಳಲೆಂದೇ ಸಂವಿಧಾನ ಬರೆದರೆಂದು ಅವರು ಹೇಳಲಿಲ್ಲ. ಸಾಲಪತ್ರ, ನಗದು, ವ್ಯಾಪಾರದಂಥ ಚರಾಸ್ತಿ ಹೊಂದಿದ ವರ್ಗಗಳಿಗೆ ಬಲಿಷ್ಠ ಕೇಂದ್ರ ಸರ್ಕಾರದಿಂದ ಏನು ಬೇಕೆಂಬುದು ಅನುಭವದಿಂದಲೇ ತಿಳಿದಿತ್ತು, ಆ ತಿಳಿವು ಸಂವಿಧಾನದ ರಚನೆಯಲ್ಲಿ ಸೇರಿಕೊಂಡಿತು ಎಂಬುದು ಅವರ ನಿಲುವು. ಇದಕ್ಕೆ ಆಧಾರವಾಗಿ ಅವರು ಮುಂದೊಡ್ಡಿದ್ದು ಕಾರ್ಲ್ ಮಾರ್ಕ್ಸ್‌ರನ್ನಲ್ಲ, ಜೇಮ್ಸ್ ಮ್ಯಾಡಿಸನ್‌ರನ್ನು. ಫೆಡರಲಿಸ್ಟ್ ಲೇಖನಮಾಲೆಯ ಹತ್ತನೆಯ ಬರಹದಲ್ಲಿ ಮ್ಯಾಡಿಸನ್ ಆಸ್ತಿಯ ಅಸಮಾನ ಹಂಚಿಕೆಯನ್ನೇ ರಾಜಕೀಯ ಬಣಗಳ ಮುಖ್ಯ ಮೂಲವೆಂದು ಗುರುತಿಸಿದ್ದರು. ಹಾಗಿದ್ದರೂ ಮಾಜಿ ಅಧ್ಯಕ್ಷ ಟಾಫ್ಟ್ ಸೇರಿದಂತೆ ಹಲವರು ಕೃತಿಯನ್ನು ಖಂಡಿಸಿದರು. ವಿಧಾನದ ದೃಷ್ಟಿಯಿಂದ ಹೆಚ್ಚು ತೂಕದ ಆಕ್ಷೇಪ ಇನ್ನೊಂದಿದೆ: ಬಿಯರ್ಡ್ ಬಳಸಿದ ಖಜಾನೆ ದಾಖಲೆಗಳು ಬಹುಮಟ್ಟಿಗೆ 1790ರ ಅನಂತರದವು. ಆಗ ಪತ್ರ ಹೊಂದಿದ್ದವರು 1787ರಲ್ಲೂ ಹೊಂದಿದ್ದರೆಂದು ಅವು ಸಾಬೀತು ಮಾಡಲಾರವು. ತಮ್ಮ ಅಧ್ಯಯನ ಅಪೂರ್ಣವೆಂದು ಬಿಯರ್ಡ್ ಒಪ್ಪಿಕೊಂಡಿದ್ದರೂ ವಾದದ ಓಘದಲ್ಲಿ ಆ ಎಚ್ಚರ ಹಿಂದೆ ಸರಿಯುತ್ತದೆ ಎಂಬುದನ್ನು ಮರೆಮಾಚಬೇಕಿಲ್ಲ.

ನಾಲ್ಕು ವರ್ಷಗಳ ಅನಂತರ ಪ್ರಶ್ನೆ ಬಿಯರ್ಡ್ ಅವರ ಸ್ವಂತ ಬಾಗಿಲಿಗೆ ಬಂತು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧವನ್ನು ಪ್ರವೇಶಿಸಿತು. ಅದೇ ಅಕ್ಟೋಬರ್ ಆರಂಭದಲ್ಲಿ ಕೊಲಂಬಿಯಾದ ಆಡಳಿತ ಮಂಡಳಿ ಮನಶ್ಶಾಸ್ತ್ರಜ್ಞ ಜೇಮ್ಸ್ ಮ್ಯಾಕೀನ್ ಕ್ಯಾಟೆಲ್ ಮತ್ತು ಸಾಹಿತ್ಯದ ಅಧ್ಯಾಪಕ ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೊ ಡೇನಾ ಅವರನ್ನು ವಜಾ ಮಾಡಿತು. ಕ್ಯಾಟೆಲ್ ಮಾಡಿದ ಅಪರಾಧವೆಂದರೆ ಕಡ್ಡಾಯ ಸೇನಾ ಭರ್ತಿಗೊಳಗಾದವರನ್ನು ಅವರ ಒಪ್ಪಿಗೆಯಿಲ್ಲದೆ ಯೂರೋಪಿಗೆ ಕಳುಹಿಸಬಾರದೆಂದು ಕಾಂಗ್ರೆಸ್ ಸದಸ್ಯರಿಗೆ ಪತ್ರ ಬರೆದದ್ದು. ಬಿಯರ್ಡ್ ಅವರು ಸ್ವತಃ ಯುದ್ಧದ ಪರವಾಗಿದ್ದರು. ವಜಾಗೊಂಡವರ ಅಭಿಪ್ರಾಯ ಅವರದಲ್ಲ. ಆದರೂ ಅಕ್ಟೋಬರ್ 8ರಂದು ಅವರು ರಾಜೀನಾಮೆ ಸಲ್ಲಿಸಿದರು. ವಿದ್ವತ್‌ಲೋಕದಲ್ಲಿ ಯಾವ ಸ್ಥಾನವೂ ಇಲ್ಲದ ಕೆಲವೇ ಧರ್ಮದರ್ಶಿಗಳು ವಿಶ್ವವಿದ್ಯಾಲಯವನ್ನು ತಮ್ಮ ಹಿಡಿತದಲ್ಲಿಟ್ಟುಕೊಂಡಿದ್ದಾರೆಂಬುದು ಅವರ ಆರೋಪವಾಗಿತ್ತು. ತಾನು ಒಪ್ಪದ ಅಭಿಪ್ರಾಯಕ್ಕಾಗಿ ತನ್ನ ಹುದ್ದೆಯನ್ನು ಬಿಟ್ಟುಕೊಡುವುದು ಎಲ್ಲ ಕಾಲದಲ್ಲೂ ವಿರಳ. ಆರ್ಥಿಕ ಹಿತವೇ ಮನುಷ್ಯನನ್ನು ನಡೆಸುತ್ತದೆಂದು ಕಲಿಸಿದವರೆಂಬ ಸರಳ ತಿಳಿವಳಿಕೆಗೆ ಈ ಘಟನೆ ದಕ್ಕುವುದಿಲ್ಲ. ಆಗ ಅವರ ವಯಸ್ಸು 42, ಇಬ್ಬರು ಮಕ್ಕಳ ತಂದೆ. ಅಲ್ಪಾವಧಿಯ ಆಹ್ವಾನಿತ ಬೋಧನೆಯನ್ನು ಬಿಟ್ಟರೆ ಮತ್ತೆಂದೂ ಅವರು ವಿಶ್ವವಿದ್ಯಾಲಯದ ಕಾಯಂ ಅಧ್ಯಾಪಕರಾಗಲಿಲ್ಲ.

ಮುಂದಿನ ಕೆಲವು ವರ್ಷ ನ್ಯೂಯಾರ್ಕಿನ ಪೌರಾಡಳಿತ ಸಂಶೋಧನಾ ಸಂಸ್ಥೆಯಲ್ಲಿ ಕಳೆದವು. 1919ರಲ್ಲಿ ನ್ಯೂ ಸ್ಕೂಲ್ ಸ್ಥಾಪನೆಯಲ್ಲಿಯೂ ಅವರ ಪಾಲಿತ್ತು, ಅಲ್ಲಿ ಬಹುಕಾಲ ನಿಲ್ಲಲಿಲ್ಲ. 1922ರಲ್ಲಿ ಟೋಕಿಯೊ ನಗರದ ಮೇಯರ್ ಗೋತೊ ಶಿಂಪೇ ಅವರ ಆಹ್ವಾನದ ಮೇರೆಗೆ ಜಪಾನಿಗೆ ಹೋಗಿ ಆ ನಗರದ ಆಡಳಿತವನ್ನು ಅಧ್ಯಯನ ಮಾಡಿದರು. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಟೋಕಿಯೊ ನೆಲಸಮವಾದಾಗ ಗೋತೊ ಮತ್ತೆ ಕರೆಸಿಕೊಂಡರು. ಹೊಸ ರಸ್ತೆಗಳ ಗುರುತು ಹಾಕುವವರೆಗೆ ಕಟ್ಟಡ ಕಟ್ಟಲು ಬಿಡಬಾರದೆಂಬುದು ಬಿಯರ್ಡ್ ನೀಡಿದ ಸಲಹೆ. ಭೂಮಾಲೀಕರ ವಿರೋಧ ಮತ್ತು ಹಣದ ಕೊರತೆಯಿಂದ ಗೋತೊ ಅವರ ಬೃಹತ್ ಯೋಜನೆ ಬಹಳಷ್ಟು ಕುಗ್ಗಿತು. ತಮ್ಮ ಗ್ರಂಥದ ಪ್ರಮೇಯವನ್ನು ಬಿಯರ್ಡ್ ಇನ್ನೊಂದು ದೇಶದ ಬೀದಿಗಳಲ್ಲಿ ಕಣ್ಣಾರೆ ಕಂಡರೆನ್ನಬೇಕು.

ಈ ವೇಳೆಗೆ ಕುಟುಂಬ ಕನೆಕ್ಟಿಕಟ್ ರಾಜ್ಯದ ನ್ಯೂ ಮಿಲ್‌ಫರ್ಡ್‌ನ ಗುಡ್ಡದ ಮೇಲಿನ ಮನೆಯಲ್ಲಿ ನೆಲೆಯೂರಿತ್ತು. ಹೈನುಗಾರಿಕೆಯ ಜಮೀನುಗಳು ಮತ್ತು ಪಠ್ಯಪುಸ್ತಕಗಳ ಗೌರವಧನ ಅವರ ಸ್ವಾತಂತ್ರ್ಯಕ್ಕೆ ಆಧಾರವಾದವು. 1927ರಲ್ಲಿ ಅಲ್ಲಿಂದ ಹೊರಬಂದ ‘ದಿ ರೈಸ್ ಆಫ್ ಅಮೆರಿಕನ್ ಸಿವಿಲೈಜೇಶನ್’ ಎರಡು ಸಂಪುಟಗಳ ಕೃತಿ. ಮೇರಿ ಮತ್ತು ಚಾರ್ಲ್ಸ್ ಇಬ್ಬರ ಹೆಸರಿನಲ್ಲೂ ಪ್ರಕಟವಾದದ್ದು. ಅಂತರ್ಯುದ್ಧವನ್ನು ಉತ್ತರದ ಕೈಗಾರಿಕಾ ಬಂಡವಾಳವು ದಕ್ಷಿಣದ ತೋಟದೊಡೆಯರಿಂದ ಅಧಿಕಾರ ಕಿತ್ತುಕೊಂಡ ಎರಡನೆಯ ಕ್ರಾಂತಿಯೆಂದು ಅದು ಓದಿತು. ವಾದ ಪ್ರಬಲವಾದದ್ದೇ, ಆದರೆ ಗುಲಾಮಗಿರಿ ಅಲ್ಲಿ ಒಂದು ಆರ್ಥಿಕ ವ್ಯವಸ್ಥೆಯ ಹೆಸರಾಗಿ ಉಳಿಯಿತೇ ಹೊರತು ನೊಂದವರ ಬದುಕಾಗಿ ಕಾಣಲಿಲ್ಲ. 1935ರಲ್ಲಿ ಡಬ್ಲ್ಯೂ. ಇ. ಬಿ. ಡುಬಾಯ್ಸ್ ತಮ್ಮ ‘ಬ್ಲ್ಯಾಕ್ ರೀಕನ್‌ಸ್ಟ್ರಕ್ಷನ್’ ಕೃತಿಯಲ್ಲಿ ಬಿಯರ್ಡ್ ದಂಪತಿಗಳ ಈ ಯಾಂತ್ರಿಕ ನೋಟವನ್ನು ಟೀಕಿಸಿದರು. ಆ ಟೀಕೆ ಇಂದಿಗೂ ನಿಲ್ಲುತ್ತದೆ. ವರ್ಗದ ಲೆಕ್ಕದಲ್ಲಿ ಜಾತಿಯ ಅನುಭವವನ್ನು ಕರಗಿಸಿಬಿಡುವ ಓದಿನ ಕುರಿತು ನಮ್ಮಲ್ಲಿ ನಡೆದ ಚರ್ಚೆಗಳನ್ನು ಬಲ್ಲವರಿಗೆ ಅದರ ಮಹತ್ವ ತಾನಾಗಿಯೇ ಹೊಳೆಯುತ್ತದೆ.

ಮೇರಿ ಅವರ ಪಾಲಿನ ಪ್ರಶ್ನೆಯನ್ನೂ ಇಲ್ಲಿ ಎತ್ತಬೇಕು. ದಂಪತಿಗಳು ಒಟ್ಟಾಗಿ ಬರೆದ ಪುಸ್ತಕಗಳನ್ನು ವಿಮರ್ಶಕರು ಹೆಚ್ಚಿನ ವೇಳೆ ಚಾರ್ಲ್ಸ್ ಒಬ್ಬರ ಹೆಸರಿನಲ್ಲೇ ಚರ್ಚಿಸಿದರು. ಯಾರು ಯಾವ ಅಧ್ಯಾಯ ಬರೆದರೆಂಬುದನ್ನು ಇಬ್ಬರೂ ಬಹಿರಂಗಪಡಿಸಲಿಲ್ಲ. ಮಹಿಳಾ ಮತದಾನ ಚಳವಳಿಯಿಂದ ಬಂದ ಮೇರಿ, 1946ರಲ್ಲಿ ‘ವುಮನ್ ಆ್ಯಸ್ ಫೋರ್ಸ್ ಇನ್ ಹಿಸ್ಟರಿ’ ಪ್ರಕಟಿಸಿ, ಹೆಣ್ಣು ಚರಿತ್ರೆಯುದ್ದಕ್ಕೂ ಕೇವಲ ಅಧೀನಳಾಗಿದ್ದಳೆಂಬ ನಂಬಿಕೆಯನ್ನು ಪ್ರಶ್ನಿಸಿದರು. ಅದಕ್ಕೂ ಮೊದಲು, 1935ರಿಂದ 1940ರವರೆಗೆ, ಮಹಿಳೆಯರ ಪತ್ರ-ದಾಖಲೆಗಳನ್ನು ಸಂಗ್ರಹಿಸುವ ಜಾಗತಿಕ ಕೇಂದ್ರವೊಂದನ್ನು ಕಟ್ಟಲು ದುಡಿದಿದ್ದರು. ದಾಖಲೆ ಇಲ್ಲದಿದ್ದರೆ ಚರಿತ್ರೆಯೂ ಇಲ್ಲವೆಂಬುದು ಆ ಕೇಂದ್ರದ ಧ್ಯೇಯ. ಹಣವಿಲ್ಲದೆ, ಒಳಜಗಳದಿಂದ ಅದು ಮುಚ್ಚಿತು.

1933ರಲ್ಲಿ ಬಿಯರ್ಡ್ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಶನ್ನಿನ ಅಧ್ಯಕ್ಷರಾದರು. ಆ ಡಿಸೆಂಬರ್‌ನಲ್ಲಿ ಮಾಡಿದ ಅಧ್ಯಕ್ಷ ಭಾಷಣದ ವಿಷಯ, ಬರೆದ ಚರಿತ್ರೆ ಒಂದು ಶ್ರದ್ಧೆಯ ಕ್ರಿಯೆ ಎಂಬುದು. ನಡೆದದ್ದನ್ನು ನಡೆದಂತೆಯೇ ದಾಖಲಿಸುತ್ತೇನೆಂಬ ಚರಿತ್ರೆಕಾರನ ಹೆಮ್ಮೆಯನ್ನು ಅವರು ಅಲ್ಲಿ ತಳ್ಳಿಹಾಕಿದರು. ಇಟಲಿಯ ಕ್ರೋಚೆ ಅವರ ಪ್ರಭಾವ ಇದರಲ್ಲಿ ಸ್ಪಷ್ಟ. ಆಯ್ಕೆ ಮತ್ತು ಜೋಡಣೆ ಚರಿತ್ರೆಕಾರನವು, ಅವನ ಕಾಲ ಮತ್ತು ನಂಬಿಕೆ ಅವುಗಳ ಒಳಗೆ ಕೆಲಸ ಮಾಡುತ್ತಿರುತ್ತವೆ, ಆದ್ದರಿಂದ ಅವನು ತನ್ನ ನೆಲೆಯನ್ನು ಮೊದಲೇ ಹೇಳಿಕೊಳ್ಳುವುದು ಪ್ರಾಮಾಣಿಕತೆ ಎಂಬುದು ಅವರ ವಾದದ ಸಾರ. 1935ರಲ್ಲಿ ಸಂವಿಧಾನದ ಕೃತಿ ಮರುಮುದ್ರಣಗೊಂಡಾಗ ಹೊಸ ಪೀಠಿಕೆಯಲ್ಲಿ, ಗ್ರಂಥದ ಶೀರ್ಷಿಕೆ ‘ಆನ್’ ಎಂದು ಆರಂಭವಾಗುವುದನ್ನು ಓದುಗರ ಗಮನಕ್ಕೆ ತಂದರು. ಅದು ಒಂದು ವ್ಯಾಖ್ಯಾನ ಮಾತ್ರ, ಏಕೈಕ ವ್ಯಾಖ್ಯಾನವಲ್ಲ. ಈ ಸಣ್ಣ ಪದವನ್ನು ಅವರು 1913ರಲ್ಲೇ ಇಷ್ಟು ಒತ್ತಿ ಹೇಳಿದ್ದರೆ ಅರ್ಧದಷ್ಟು ಜಗಳ ತಪ್ಪುತ್ತಿತ್ತೇನೋ. ಓದುಗರ ಸಂಖ್ಯೆಯೂ ಅಷ್ಟಕ್ಕೇ ಇಳಿಯುತ್ತಿತ್ತೇನೋ.

ಸಾಪೇಕ್ಷವಾದದ ಈ ವಿನಯ ಅವರ ಕೊನೆಯ ಹಂತದ ಬರವಣಿಗೆಯಲ್ಲಿ ಕಾಣಿಸದಿರುವುದು ವಿಚಿತ್ರ. 1934ರಿಂದ ಅವರು ಅಮೆರಿಕ ಹೊರಗಿನ ಯುದ್ಧಗಳಿಂದ ದೂರವಿದ್ದು ಮನೆಯೊಳಗಿನ ದಾರಿದ್ರ್ಯವನ್ನು ನೋಡಿಕೊಳ್ಳಬೇಕೆಂದು ವಾದಿಸತೊಡಗಿದರು. ಮೊದಲ ಯುದ್ಧವನ್ನು ಬೆಂಬಲಿಸಿದ್ದ ಪಶ್ಚಾತ್ತಾಪ ಇದರ ಹಿಂದಿತ್ತು. 1941ರ ಫೆಬ್ರವರಿಯಲ್ಲಿ ಬ್ರಿಟನ್ನಿಗೆ ನೆರವು ನೀಡುವ ಲೆಂಡ್-ಲೀಸ್ ಮಸೂದೆಯ ವಿರುದ್ಧ ಸೆನೆಟ್ ಸಮಿತಿಯ ಮುಂದೆ ಹೇಳಿಕೆ ನೀಡಿದರು. ಯುದ್ಧ ಮುಗಿದ ಮೇಲೆ 1946 ಮತ್ತು 1948ರಲ್ಲಿ ಎರಡು ಪುಸ್ತಕಗಳನ್ನು ಬರೆದು, ಅಧ್ಯಕ್ಷ ರೂಸ್‌ವೆಲ್ಟ್ ಜನರಿಗೆ ಶಾಂತಿಯ ಮಾತು ಹೇಳುತ್ತಲೇ ದೇಶವನ್ನು ಯುದ್ಧದತ್ತ ನಡೆಸಿದರೆಂದು ಆಪಾದಿಸಿದರು. ಪರ್ಲ್ ಹಾರ್ಬರ್ ಕುರಿತ ಕಾಂಗ್ರೆಸ್ ವಿಚಾರಣೆಯ ಸಾಕ್ಷ್ಯಗಳು ಅವರ ಮುಖ್ಯ ಆಕರ. ರಾಕ್‌ಫೆಲರ್ ಪ್ರತಿಷ್ಠಾನದ ಧನಸಹಾಯದಿಂದ ಯುದ್ಧದ ಚರಿತ್ರೆ ಬರೆಸುವ ಯೋಜನೆ ಪ್ರಕಟವಾದಾಗ, 1947ರಲ್ಲಿ, ಆ ಚರಿತ್ರೆಯನ್ನು ಬರೆಯುವವರು ಯಾರು, ದಾಖಲೆಗಳ ಬಾಗಿಲು ಯಾರಿಗೆ ತೆರೆಯುತ್ತದೆ ಎಂದು ಪತ್ರಿಕಾ ಲೇಖನದಲ್ಲಿ ಕೇಳಿದರು. ಪ್ರಶ್ನೆ ಸರಿಯಾದದ್ದೇ, ಅವರ ಹಳೆಯ ಪ್ರಶ್ನೆಯೇ. ಆದರೆ ನಾಜಿ ಜರ್ಮನಿ ಏನಾಗಿತ್ತೆಂಬುದನ್ನು ಲೋಕ ಕಂಡ ಮೇಲೂ ಆ ಅಪಾಯಕ್ಕೆ ಅವರ ಪುಟಗಳಲ್ಲಿ ತಕ್ಕ ತೂಕ ಸಿಗಲಿಲ್ಲ. ಅಧ್ಯಕ್ಷನೊಬ್ಬ ಕಾಂಗ್ರೆಸ್ಸನ್ನು ಬದಿಗಿಟ್ಟು ಯುದ್ಧ ಹೂಡುವುದರ ಕುರಿತ ಅವರ ಆತಂಕವನ್ನು ವಿಯೆಟ್ನಾಂ ಯುದ್ಧದ ಕಾಲದ ಓದುಗರು ಬೇರೆ ಬೆಳಕಿನಲ್ಲಿ ಓದಿದರು ಎಂಬುದು ನಿಜ. ಆದರೂ 1941ರ ತೀರ್ಮಾನದಲ್ಲಿ ಬಿಯರ್ಡ್ ತಪ್ಪಿದರೆಂದೇ ಈ ಲೇಖಕನ ಅಭಿಪ್ರಾಯ.

ಬೆಲೆ ತೆರಬೇಕಾಯಿತು. 1948ರಲ್ಲಿ ಅವರಿಗೆ ರಾಷ್ಟ್ರೀಯ ಕಲೆ ಮತ್ತು ಸಾಹಿತ್ಯ ಸಂಸ್ಥೆಯ ಚಿನ್ನದ ಪದಕ ಘೋಷಣೆಯಾದಾಗ ಲೂಯಿ ಮಮ್‌ಫರ್ಡ್ ಪ್ರತಿಭಟಿಸಿ ಸಂಸ್ಥೆಯಿಂದ ಹೊರನಡೆದರು. ಸ್ಯಾಮ್ಯುಯೆಲ್ ಎಲಿಯಟ್ ಮೋರಿಸನ್ ಕಟುವಾದ ವಿಮರ್ಶೆ ಬರೆದರು. ಕಿವಿ ಮಂದವಾಗಿ, ಹಳೆಯ ಸ್ನೇಹಿತರಲ್ಲಿ ಅನೇಕರಿಂದ ದೂರವಾಗಿ, ಬಿಯರ್ಡ್ ಅದೇ ವರ್ಷದ ಸೆಪ್ಟೆಂಬರ್ 1ರಂದು ನ್ಯೂ ಹೇವನ್ನಿನಲ್ಲಿ ತೀರಿಕೊಂಡರು.

1956ರಲ್ಲಿ ರಾಬರ್ಟ್ ಬ್ರೌನ್, 1958ರಲ್ಲಿ ಫಾರೆಸ್ಟ್ ಮ್ಯಾಕ್‌ಡೊನಾಲ್ಡ್ ಸಂವಿಧಾನದ ಕೃತಿಯನ್ನು ಸಾಲುಸಾಲಾಗಿ ಪರೀಕ್ಷಿಸಿದರು. ಭೂಮಿ ಹೊಂದಿದ ಸಣ್ಣ ಹಿಡುವಳಿದಾರರೇ ಬಹುಸಂಖ್ಯಾತರಾಗಿದ್ದ ಸಮಾಜದಲ್ಲಿ ಬಿಯರ್ಡ್ ಹೇಳಿದ ವರ್ಗ ವಿಭಜನೆ ನಿಲ್ಲದೆಂದು ಮೊದಲನೆಯವರು, ಚರಾಸ್ತಿಯ ಒಡೆಯರು ಒಂದೇ ಗುಂಪಾಗಿ ವರ್ತಿಸಲಿಲ್ಲವೆಂದು ಎರಡನೆಯವರು ತೋರಿಸಿದರು. 1968ರಲ್ಲಿ ರಿಚರ್ಡ್ ಹಾಫ್‌ಸ್ಟ್ಯಾಡ್ಟರ್ ಪ್ರಗತಿಪರ ಚರಿತ್ರೆಕಾರರನ್ನು ಕುರಿತ ತಮ್ಮ ಗ್ರಂಥದಲ್ಲಿ ಬಿಯರ್ಡ್ ಅವರ ಕೀರ್ತಿ ಕುಸಿದ ಬಗೆಯನ್ನು ಗೌರವದಿಂದಲೇ ವಿವರಿಸಿದರು. ಅಲ್ಲಿಗೆ ವಿಷಯ ಮುಗಿಯಿತೆಂದುಕೊಂಡವರಿಗೆ 2003ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಮ್ಯಾಗ್ವೈರ್ ಸಂಖ್ಯಾಶಾಸ್ತ್ರೀಯ ವಿಧಾನದಿಂದ ಬೇರೆ ಉತ್ತರ ಕೊಟ್ಟರು: ಬಿಯರ್ಡ್ ಹೇಳಿದ ಸ್ಥೂಲ ಬಣಗಳು ಸಿಗಲಿಲ್ಲ, ಆದರೆ ಹಲವು ನಿರ್ದಿಷ್ಟ ವಿಷಯಗಳ ಮೇಲಿನ ಮತದಾನದಲ್ಲಿ ಆರ್ಥಿಕ ಹಿತಗಳ ಪ್ರಭಾವ ಕಂಡಿತು.

ಬಿಯರ್ಡ್ ಅವರ ಬಗ್ಗೆಯೇ ಇಂಥ ಪರೀಕ್ಷೆ ನಡೆಸುವುದು ಕಷ್ಟ. ತಮ್ಮ ಪತ್ರಗಳು, ಟಿಪ್ಪಣಿಗಳು, ಹಸ್ತಪ್ರತಿಗಳ ಬಹುಭಾಗವನ್ನು ದಂಪತಿಗಳು ನಾಶಪಡಿಸಿದರು. ಖಜಾನೆಯ ಧೂಳಿನಿಂದ ಮೃತರ ಲೆಕ್ಕ ಬಗೆದವರು ಮತ್ತು ಮಹಿಳೆಯರ ಪತ್ರಗಳನ್ನು ಕಾಪಾಡಲು ಕೇಂದ್ರವನ್ನೇ ಕಟ್ಟಹೊರಟವರು ಹೀಗೇಕೆ ಮಾಡಿದರೆಂಬುದಕ್ಕೆ ತಮ್ಮ ಪ್ರಕಟಿತ ಪುಸ್ತಕಗಳಿಂದಲೇ ತಮ್ಮನ್ನು ಅಳೆಯಲೆಂಬ ಅಪೇಕ್ಷೆಯೊಂದನ್ನು ಬಿಟ್ಟು ಬೇರೆ ವಿವರಣೆ ಹೊಳೆಯುವುದಿಲ್ಲ. ಆ ವಿವರಣೆಯೂ ಪೂರ್ತಿ ಸಮಾಧಾನ ಕೊಡುವುದಿಲ್ಲ. ಮೇರಿ 1958ರ ಆಗಸ್ಟ್‌ನಲ್ಲಿ ಅರಿಜೋನಾದಲ್ಲಿ ನಿಧನರಾದರು. ಉಳಿದ ಅಲ್ಪ ಸಂಗ್ರಹ ಡಿಪಾವ್ ವಿಶ್ವವಿದ್ಯಾಲಯದಲ್ಲಿದೆ. ಬಿಯರ್ಡ್ ಕುರಿತು ಕೆಲಸ ಮಾಡುವವರು ಇಂದಿಗೂ ಅವರು ಬರೆದ ಪತ್ರಗಳಿಗಾಗಿ ಅವನ್ನು ಪಡೆದವರ ಸಂಗ್ರಹಗಳನ್ನು ಒಂದೊಂದಾಗಿ ಜಾಲಾಡಬೇಕಾಗಿದೆ.